ಕ್ಯಾಚರ್‌ಗಳನ್ನು ನೋಡುತ್ತಿದ್ದ ಕೀಪರ್ ಅಂಕಲ್

ಇಂಡಿಯನ್ ಗ್ರೋಸರಿಯಿಂದ ತಂದ ಕೊಬ್ಬರಿ ಎಣ್ಣೆಯ ಬಾಟಲಿಯೊಂದು ಕಾರಿನ ಹಿಂದಿನ ಸೀಟಿನಲ್ಲೇ ಉಳಿದುಹೋಗಿತ್ತು. ಮುಚ್ಚಳ ಸಡಿಲವಾಗಿತ್ತೇನೋ. ಮಾರನೆಯ ದಿನ ಮಧ್ಯಾಹ್ನ ಪಾರ್ಕಿಂಗಿನಲ್ಲಿ ಬಾಗಿಲು ತೆಗೆದರೆ, ಬಿಸಿಲಿಗೆ ಕಾದ ಚರ್ಮದ ಸೀಟಿನೊಳಕ್ಕೆ ಎಣ್ಣೆ ಇಳಿದು, ಎರಡೂ ಬೆರೆತ ವಾಸನೆ ಮುಖಕ್ಕೆ ಬಡಿಯಿತು. ಒಳಗೆ ಕೂರಲಾಗಲಿಲ್ಲ. ಬಾಗಿಲು ಹಿಡಿದು ನಿಂತೇ ಇದ್ದೆ... ಅದು ಕೀಪರ್ ಅಂಕಲ್ ಅವರ ಗ್ಲೌಸಿನ ವಾಸನೆ.

ಅವರನ್ನು ನಾನು ಹೆಸರು ಹಿಡಿದು ಕರೆದದ್ದೇ ಇಲ್ಲ. ಹಾಸನದ ಕಡೆಯವರು. ಓದುವ ಕಾಲದಲ್ಲಿ ಮೈಸೂರಿನ ಕಾಲೇಜು ತಂಡಕ್ಕೆ ವಿಕೆಟ್‌ಕೀಪರ್ ಆಗಿದ್ದರು. ಆಮೇಲೆ ಇಲ್ಲಿಗೆ ಬಂದು, ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಔಷಧಿ ಲ್ಯಾಬೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದರು. ಕ್ರಿಕೆಟ್ ಸಿಗದ ಊರಿನಲ್ಲಿ ವಾರಾಂತ್ಯಕ್ಕೆ ಪಾರ್ಕುಗಳಿಗೆ ಹೋಗಿ ಬೇಸ್‌ಬಾಲ್ ಕಲಿಯುವ ಮಕ್ಕಳಿಗೆ ಚೆಂಡು ಹಿಡಿಯುವುದನ್ನು ಹೇಳಿಕೊಡುತ್ತಿದ್ದರಂತೆ. ಬೇಸ್‌ಬಾಲಿನಲ್ಲಿ ಬ್ಯಾಟು ಹಿಡಿದವನ ಹಿಂದೆ, ಮುಖಕ್ಕೆ ಕಬ್ಬಿಣದ ಜಾಲರಿ ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕೂತಿರುವವನು ಕ್ಯಾಚರ್. ನಮ್ಮ ಕೀಪರಿನ ತಮ್ಮನೇ. ಅಂಕಲ್ ಕಲಿಸಿದ ಮಕ್ಕಳ ಕೈ ನೋಡಿ ಯಾರೋ ಕೋಚ್ ಒಬ್ಬರು ಕೇಳಿದರು, ಇನ್ಯಾರೋ ಕರೆದರು. ಕೊನೆಗೆ ಸೌತ್ ಬೇಯ ಒಂದು ಸಣ್ಣ ವೃತ್ತಿಪರ ತಂಡ ಅವರಿಗೆ ಬ್ಯಾಟರ್ ನಿಲ್ಲುವ ಪ್ಲೇಟಿನ ಹಿಂದಿನ ಸ್ಟ್ಯಾಂಡಿನಲ್ಲಿ ಒಂದು ಸೀಟು ಕೊಟ್ಟು, ಬೆಳೆಯುತ್ತಿರುವ ಕ್ಯಾಚರ್‌ಗಳ ಬಗ್ಗೆ ನಿಮಗೆ ಅನ್ನಿಸಿದ್ದನ್ನು ಬರೆದು ಕೊಡಿ ಎಂದಿತು.

ಅದೇ ತಂಡದಲ್ಲಿ ನಾನು ಲೆಕ್ಕದವಳು. ಸಂಖ್ಯಾಶಾಸ್ತ್ರ ಓದಿದ್ದೆ. ಸನ್ನಿವೇಲ್‌ನಲ್ಲಿ ನನ್ನ ಅಕ್ಕಪಕ್ಕದ ಅಪಾರ್ಟ್‌ಮೆಂಟಿನವರೆಲ್ಲ ಬೆಳಿಗ್ಗೆ ಕಂಪನಿ ಬಸ್ಸು ಹತ್ತುವಾಗ ನಾನೊಬ್ಬಳು ಸ್ಟೇಡಿಯಮ್ಮಿಗೆ ಹೋಗುತ್ತಿದ್ದೆ. ದೊಡ್ಡ ತಂಡವೊಂದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ತಂಡಗಳಿರುತ್ತವೆ. ಹದಿನೆಂಟು, ಇಪ್ಪತ್ತರ ಹುಡುಗರನ್ನು ಅಲ್ಲಿ ಬೆಳೆಸಿ, ಆರಿಸಿ, ಮೇಲಿನ ಮೆಟ್ಟಿಲಿಗೆ ಕಳಿಸುತ್ತಾರೆ. ಅದಕ್ಕೆ ಇಲ್ಲಿಯವರು ಫಾರ್ಮ್ ಅನ್ನುತ್ತಾರೆ. ಅಂಕಲ್ ‘ಭತ್ತದ ಒಟ್ಲು’ ಅನ್ನುತ್ತಿದ್ದರು. ‘ಎಲ್ಲ ಸಸೀನೂ ಗದ್ದೆಗೆ ಹೋಗಲ್ಲ ಕಣಮ್ಮ. ಕೀಳೋರ ಕೈಲಿರುತ್ತೆ.’ ನಾವಿಬ್ಬರೂ ಆ ಕೀಳುವ ಕೈಗಳೇ ಆಗಿದ್ದೆವು.

ಇಡೀ ಸ್ಟೇಡಿಯಮ್ಮಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಅವರು ತೊಡೆಯ ಮೇಲೆ ಹಳೆಯ ಕ್ಯಾಚರ್ ಗ್ಲೌಸೊಂದನ್ನು ಇಟ್ಟುಕೊಂಡು, ಬಟ್ಟೆಚೂರಿನಲ್ಲಿ ಕೊಬ್ಬರಿ ಎಣ್ಣೆ ಅದ್ದಿ ಉಜ್ಜುತ್ತಾ ಕೂತಿರುತ್ತಿದ್ದರು. ನಾನು ಲ್ಯಾಪ್‌ಟಾಪ್ ತೆರೆದರೆ ಸಾಕು, ‘ಏನಮ್ಮ, ಜಾತಕ ಏನು ಹೇಳುತ್ತೆ ಇವತ್ತು?’ ಎಂದು ಶುರುಮಾಡುತ್ತಿದ್ದರು. ಹುಡುಗ ಚೆಂಡು ಹಿಡಿದು ಎರಡನೆಯ ಬೇಸ್‌ಗೆ ಎಸೆಯಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ, ಅಂಚಿನ ಚೆಂಡನ್ನು ಎಷ್ಟು ನಯವಾಗಿ ಒಳಕ್ಕೆ ತರುತ್ತಾನೆ, ನೆಲಕ್ಕೆ ಬಿದ್ದು ಪುಟಿದದ್ದನ್ನು ಎದೆಯಿಂದ ಹೇಗೆ ತಡೆಯುತ್ತಾನೆ... ಇವು ನನ್ನ ಜಾತಕ.

ಅವರು ನೋಡುತ್ತಿದ್ದದ್ದು ಬೇರೆ. ಚೆಂಡು ಹಿಡಿದಾದ ಮೇಲೆ ಕ್ಯಾಚರ್ ಅದನ್ನು ಪಿಚರಿಗೆ, ಎಂದರೆ ಎಸೆಯುವವನಿಗೆ, ವಾಪಸು ಕೊಡುತ್ತಾನಲ್ಲ, ಆಗ ಮೊಬೈಲು ನೋಡದವರೇ ಇಲ್ಲ. ಅಂಕಲ್ ಆಗಲೇ ಮುಂದಕ್ಕೆ ಬಾಗುತ್ತಿದ್ದರು. ‘ವಾಪಸ್ ಕೊಡೋದು ನೋಡು. ಮನೆಗೆ ಬಂದೋರಿಗೆ ನೀರಿನ ಲೋಟ ಕೊಟ್ಟಂಗಿರಬೇಕು. ಅವನು ಕೈ ಚಾಚಬಾರದು, ಬಗ್ಗಬಾರದು.’ ಹಾಗೆಂದು ಅವರ ಮಾತು ಯಾವಾಗಲೂ ಫಲಿಸುತ್ತಿತ್ತು ಎಂದೇನಲ್ಲ. ಒಂದು ವರ್ಷ ಟೆಕ್ಸಸಿನ ಹುಡುಗನೊಬ್ಬನನ್ನು ಮನಸಾರೆ ಹೊಗಳಿ ಬರೆದರು. ಕೈ ಬಂಗಾರದಂಥದ್ದು, ಆದರೆ ಬ್ಯಾಟಿಗೆ ಚೆಂಡೇ ತಾಗುತ್ತಿರಲಿಲ್ಲ. ‘ಅಂಕಲ್, ನಿಮ್ಮ ಹುಡುಗ ಬ್ಯಾಟು ಹಿಡಿದರೆ ಛತ್ರಿ ಹಿಡಿದಂಗೆ ಕಾಣ್ತಾನೆ’ ಎಂದಿದ್ದೆ. ‘ಮಳೆ ಬರಲಿ ಬುಡಮ್ಮ, ಆಗ ಗೊತ್ತಾಗುತ್ತೆ’ ಎಂದರು. ಆ ಸೀಸನ್ ಮುಗಿಯುವ ಮೊದಲೇ ಹುಡುಗನನ್ನು ಮನೆಗೆ ಕಳಿಸಿದರು.

ಇನ್ನೊಂದನ್ನು ಅವರು ತುಂಬಾ ನೋಡುತ್ತಿದ್ದರು. ಪೆಟ್ಟು ಬಿದ್ದಾಗ ಹುಡುಗನ ಮುಖ. ಕ್ಯಾಚರ್‌ಗೆ ಪೆಟ್ಟು ಬೀಳದ ದಿನವೇ ಇಲ್ಲ. ಬ್ಯಾಟಿಗೆ ಸವರಿದ ಚೆಂಡು ಗಂಟಲಿಗೆ, ಭುಜಕ್ಕೆ, ಬೆರಳಿಗೆ ಬಡಿಯುತ್ತದೆ. ಆಗ ಇಲ್ಲಿ ಒಂದು ರೂಢಿಯಿದೆ. ಹಿಂದೆ ನಿಂತಿರುವ ಅಂಪೈರು ಮುಂದೆ ಬಂದು, ಜೇಬಿನಿಂದ ಸಣ್ಣ ಬ್ರಶ್ಶು ತೆಗೆದು, ಬೆನ್ನು ಬಗ್ಗಿಸಿ ನೆಲದ ಬಿಳಿ ಪ್ಲೇಟನ್ನು ನಿಧಾನವಾಗಿ ಗುಡಿಸುತ್ತಾನೆ. ಅದರ ಮೇಲೆ ಧೂಳೇ ಇರುವುದಿಲ್ಲ. ಪೆಟ್ಟು ತಿಂದವನು ಉಸಿರು ತೆಗೆದುಕೊಳ್ಳಲಿ, ಅದನ್ನು ಯಾರೂ ಗಮನಿಸದಿರಲಿ ಎಂದು ಕೊಡುವ ಸಮಯ ಅದು. ಅಂಪೈರಿಗೆ ಪೆಟ್ಟಾದರೆ ಕ್ಯಾಚರ್ ಪಿಚರಿನ ಹತ್ತಿರ ಮಾತನಾಡುವ ನೆಪದಲ್ಲಿ ನಡೆದುಹೋಗಿ ಆ ಸಾಲ ತೀರಿಸುತ್ತಾನೆ. ಅಂಕಲ್‌ಗೆ ಈ ರೂಢಿ ಎಂದರೆ ಬಹಳ ಇಷ್ಟ. ‘ನಮ್ಮ ಮ್ಯಾಟಿನ ಪಿಚ್ಚಲ್ಲಿ ಯಾರಮ್ಮ ಗುಡಿಸೋರು? ಬೆರಳು ಮುರಿದರೆ ಇನ್ನೊಂದು ಬೆರಳಿಗೆ ಸೇರಿಸಿ ಕಟ್ಟು, ಮುಂದಿನ ಬಾಲ್ ಹಿಡಿ.’ ಹಾಗೆ ಮುರಿದಿದ್ದ ಅವರ ಕಿರುಬೆರಳು ಕೊನೆಯವರೆಗೂ ಸೊಟ್ಟಗೇ ಇತ್ತು.

ಪೆಟ್ಟು ತಿಂದೂ ಮುಖ ಬದಲಾಯಿಸದ ಹುಡುಗನಿಗೆ ಅವರು ಒಂದು ಗುಂಜಿ ಹೆಚ್ಚೇ ತೂಗುತ್ತಿದ್ದರು. ಅವರೊಬ್ಬರೇ ಅಲ್ಲ, ಈ ಕೆಲಸದಲ್ಲಿರುವ ಎಲ್ಲರೂ.

ಒಂದು ಬೇಸಿಗೆಯಲ್ಲಿ ನಮ್ಮಲ್ಲಿ ಇಬ್ಬರು ಕ್ಯಾಚರ್‌ಗಳಿದ್ದರು. ಮೇಲಿನ ತಂಡದಲ್ಲಿ ಒಂದೇ ಜಾಗ ಖಾಲಿಯಾಗಿತ್ತು. ಅಂಕಲ್‌ಗೆ ಇಷ್ಟವಾಗಿದ್ದವನು ವೆನಿಝುವೆಲಾದ ಹುಡುಗ. ಮನೆಯಲ್ಲಿ ತಾಯಿ, ಇಬ್ಬರು ತಂಗಿಯರು. ಮೇಲಕ್ಕೆ ಹೋದರೆ ಅವರ ಬದುಕು ನಡೆಯುತ್ತದೆ, ಹೋಗದಿದ್ದರೆ ಇವನಿಗೆ ಇಲ್ಲಿರಲು ಕಾರಣವೇ ಇಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೆ. ಅಂಕಲ್‌ರನ್ನು ಅವನ ಭಾಷೆಯಲ್ಲಿ ‘ಪ್ರೊಫೆ’ ಅನ್ನುತ್ತಿದ್ದ. ನಮ್ಮಲ್ಲಿ ಮೇಷ್ಟ್ರೇ ಅಂದ ಹಾಗೆ. ಸ್ಟೇಡಿಯಮ್ಮಿನ ಊಟ ತಿಂದು ಸೊರಗಿದ್ದಾನೆ ಎಂದು ಅಂಕಲ್ ಹೆಂಡತಿ, ನಮ್ಮ ಆಂಟಿ, ಡಬ್ಬಿ ತುಂಬಾ ಚಿತ್ರಾನ್ನ ಕಳಿಸುತ್ತಿದ್ದರು. ಪಾರ್ಕಿಂಗಿನಲ್ಲಿ ಕಾರಿನ ಡಿಕ್ಕಿ ತೆಗೆದು ಅಂಕಲ್ ಬಡಿಸುತ್ತಲೇ ಇರುವರು. ಹುಡುಗ ತಟ್ಟೆಗೆ ಕೈ ಅಡ್ಡ ಹಿಡಿದು ‘ಸಾಕು ಪ್ರೊಫೆ, ಸಾಕು!’ ಎನ್ನುವನು. ಅವನಿಗೆ ಬರುತ್ತಿದ್ದ ಕನ್ನಡ ಅದೊಂದೇ ಪದ.

ಅಂಥದೊಂದು ಊಟದ ಹೊತ್ತಿನಲ್ಲೇ ಅಂಕಲ್ ಅವನಿಗೆ ಹೇಳಿದ್ದು. ನಾನು ಪಕ್ಕದಲ್ಲೇ ಇದ್ದೆ. ‘ನಿನ್ನ ಕೈ ನೋಡಿಯಾಯಿತು. ಅದು ಚೆನ್ನಾಗಿದೆ ಅಂತ ನಾನು ಬರೀತೀನಿ. ಮೇಲಿನೋರು ಇನ್ನೊಂದು ಕೇಳ್ತಾರೆ, ಗಟ್ಟಿ ಇದ್ದಾನಾ ಅಂತ. ನೋವಾದರೆ ಬೆಂಚಲ್ಲಿ ಕೂತಿರೋ ಕೋಚ್‌ಗಳಿಗೆ ತೋರಿಸಬೇಡ. ನಗು.’ ಹುಡುಗ ಬಾಯಿ ತುಂಬಾ ಅನ್ನ ಇಟ್ಟುಕೊಂಡು ಅಲ್ಲೇ ನಕ್ಕು ತೋರಿಸಿದ. ನಾವೂ ನಕ್ಕೆವು.

ಅಂಕಲ್ ತಮ್ಮ ವರದಿ ಕಳಿಸಬೇಕಾಗಿದ್ದ ವಾರದಲ್ಲೇ ಆ ಆಟ. ಮಧ್ಯಾಹ್ನದ ಆಟ. ಬೇಸಿಗೆ ಶಿಬಿರದ ಮಕ್ಕಳು ಹಳದಿ ಟೀ ಶರ್ಟು ಹಾಕಿಕೊಂಡು ಒಂದು ಕಡೆಯ ಸ್ಟ್ಯಾಂಡು ತುಂಬಿದ್ದರು. ಎದುರಾಳಿ ತಂಡದ ಎತ್ತರದ ಬ್ಯಾಟರೊಬ್ಬ ಚೆಂಡು ಸಿಗದೆ ಜೋರಾಗಿ ಬೀಸಿದ. ಬ್ಯಾಟು ಸುತ್ತು ಹೊಡೆದು ಹಿಂದಕ್ಕೆ ಬಂದು ಹುಡುಗನ ಹೆಲ್ಮೆಟ್ಟಿಗೆ, ಕಿವಿಯ ಹಿಂಭಾಗಕ್ಕೆ ಬಡಿಯಿತು. ಆ ಸದ್ದಿಗೆ ಮಕ್ಕಳೆಲ್ಲ ‘ಊ...’ ಎಂದರು. ಹುಡುಗ ಒಂದು ಕೈ ನೆಲಕ್ಕೆ ಊರಿದ. ಅಂಪೈರು ಬ್ರಶ್ಶು ತೆಗೆದು ಪ್ಲೇಟು ಗುಡಿಸತೊಡಗಿದ. ತಂಡದ ವೈದ್ಯ ಸಹಾಯಕ ಓಡಿಬಂದು ಏನೇನೋ ಕೇಳಿದ, ಬೆರಳು ಆಡಿಸಿದ. ಹುಡುಗ ತಲೆಯಾಡಿಸಿ, ಬೆಂಚಿನ ಕಡೆ ತಿರುಗಿ ನಕ್ಕ.

‘ನೋಡಿದೆಯಾ? ಇವನು ಹೋಗ್ತಾನೆ ಮೇಲಕ್ಕೆ’ ಎಂದರು ಅಂಕಲ್. ದನಿಯಲ್ಲಿ ಹೆಮ್ಮೆಯಿತ್ತು.

ಆಟ ಮುಂದುವರಿಯಿತು. ಹುಡುಗ ಚೆಂಡು ಹಿಡಿಯುತ್ತಲೇ ಇದ್ದ. ನನ್ನ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತು. ಅದರ ಮುಂದಿನ ಇನ್ನಿಂಗ್ಸಿನಲ್ಲಿ ಅಂಕಲ್ ಎಣ್ಣೆ ಉಜ್ಜುವುದನ್ನು ನಿಲ್ಲಿಸಿದರು. ‘ಲೋಟ ತುಳುಕಿತಲ್ಲಮ್ಮ’ ಎಂದರು. ನನಗೆ ಅರ್ಥವಾಗಲಿಲ್ಲ. ಪಿಚರಿಗೆ ವಾಪಸು ಎಸೆದ ಚೆಂಡು ಅವನ ಎದೆಗೆ ಹೋಗದೆ ಮೊಣಕಾಲಿಗೆ ಹೋಗಿತ್ತು. ಅವನು ಬಗ್ಗಬೇಕಾಯಿತು. ಇನ್ನೊಂದು ಎಸೆತ, ಈ ಸಲ ಪಿಚರ್ ಪಕ್ಕಕ್ಕೆ ಕೈ ಚಾಚಿದ. ‘ಇವನು ಹೀಗೆ ಎಸೆಯೋನಲ್ಲ’ ಎಂದು ಅಂಕಲ್ ಎದ್ದುಬಿಟ್ಟರು.

ನಮ್ಮಂಥವರು ಆಟದ ನಡುವೆ ಬೆಂಚಿನವರ ಹತ್ತಿರ ಮಾತನಾಡುವಂತಿಲ್ಲ. ತೂಗಲು ಬಂದವರು ತಕ್ಕಡಿ ಮುಟ್ಟಬಾರದು ಎಂಬುದು ಅಲ್ಲಿಯ ಶಿಸ್ತು. ಅಂಕಲ್ ಮೆಟ್ಟಿಲಿಳಿದು ಕಂಬಿಯ ಹತ್ತಿರ ಹೋಗಿ ಕೈ ಬೀಸಿದರು. ಸಹಾಯಕ ಕೋಚ್ ಒಬ್ಬ ತಿರುಗಿ ನೋಡಿ, ದಯವಿಟ್ಟು ನಿಮ್ಮ ಜಾಗಕ್ಕೆ ಹೋಗಿ ಸರ್, ಅವನನ್ನು ಪರೀಕ್ಷೆ ಮಾಡಿಯಾಗಿದೆ ಎಂದ. ಮೈದಾನದಲ್ಲಿ ಹುಡುಗ, ಯಾವ ಚೆಂಡು ಬೇಕೆಂದು ಪಿಚರಿಗೆ ತಿಳಿಸುವ ಗುಂಡಿಗಳನ್ನು ಮಣಿಕಟ್ಟಿನ ಮೇಲೆ ಒತ್ತುತ್ತಿದ್ದ. ಪಿಚರ್ ಬೇಡವೆಂದು ತಲೆಯಾಡಿಸಿದ. ಮತ್ತೆ ಒತ್ತಿದ. ಪಿಚರ್ ಸುಸ್ತಾಗಿ ತಾನೇ ಒಂದನ್ನು ಆರಿಸಿಕೊಂಡವನಂತೆ ಎಸೆಯಲು ಕಾಲೆತ್ತಿದ. ಹುಡುಗನ ಗ್ಲೌಸು ಎಲ್ಲಿರಬೇಕಿತ್ತೋ ಅಲ್ಲಿರಲಿಲ್ಲ. ಅವನ ತೊಡೆಯ ಮೇಲಿತ್ತು.

ಕಂಬಿಯ ಪಕ್ಕದ ಗಿಡ್ಡ ಗೇಟನ್ನು ತಳ್ಳಿಕೊಂಡು ಅಂಕಲ್ ಮೈದಾನದೊಳಕ್ಕೆ ನುಗ್ಗಿದರು. ಕನ್ನಡದಲ್ಲಿ ಕೂಗಿದರು. ‘ಸಾಕು! ಸಾಕು ಕಣೋ! ಸಾಕು!’

ಹುಡುಗನಿಗೆ ಆ ಪದ ಗೊತ್ತಿತ್ತು. ಅವನು ತಲೆ ತಿರುಗಿಸಿದ.

ಚೆಂಡು ಆಗಲೇ ಪಿಚರಿನ ಕೈ ಬಿಟ್ಟಿತ್ತು.

ಅಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಕಣ್ಣಾರೆ ಕಂಡದ್ದು ಒಂದೇ ಸಲ. ಆದರೆ ನಮ್ಮ ಸ್ಟೇಡಿಯಮ್ಮಿನ ಕ್ಯಾಮೆರಾಗಳು ಪ್ರತಿ ಎಸೆತವನ್ನೂ ಹಲವು ಕಡೆಯಿಂದ ಹಿಡಿಯುತ್ತವೆ, ಅದನ್ನು ಜೋಡಿಸಿ ಹೆಸರು ಹಾಕುವುದು ನನ್ನ ಕೆಲಸ. ತಿರುಗಿದ ತಲೆಯ ಪಕ್ಕದಲ್ಲಿ, ಜಾಲರಿ ಮುಗಿದು ಕುತ್ತಿಗೆ ಬರಿದಾಗಿ ಕಾಣುವ ಕಡೆ, ಚೆಂಡು ಹಾದುಹೋಗುತ್ತದೆ. ಚರ್ಮಕ್ಕೂ ಚೆಂಡಿಗೂ ನಡುವೆ ಬೆಳಕಿನ ಒಂದು ಗೀರು ಕಾಣುತ್ತದೆ, ಅಷ್ಟೇ. ಅದು ಹಿಂದಿದ್ದ ಅಂಪೈರಿನ ಎದೆಕವಚಕ್ಕೆ ಬಡಿದು ನೆಲಕ್ಕೆ ಬೀಳುತ್ತದೆ. ಆ ಎಸೆತದ ಎದುರಿಗೆ ಯಂತ್ರ ತಾನಾಗಿ ಬರೆದಿತ್ತು: ಕ್ಯಾಚರ್ ಬಿಟ್ಟ ಚೆಂಡು.

ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದಾಗ ಅವರು ಕೇಳಿದರು, ‘ತಾಗಲಿಲ್ಲ ತಾನೇ? ಮತ್ತೆ ಯಾಕೆ ನಡುಗ್ತಿದೀಯ?’ ಈಗಲೂ ಫ್ರೀವೇಯಲ್ಲಿ ಕಾರುಗಳ ಸಂದಿಯಿಂದ ಬೈಕೊಂದು ಪಕ್ಕದಲ್ಲೇ ಸರ್ರೆಂದು ಹೋದರೆ ನನ್ನ ಕುತ್ತಿಗೆ ತಾನಾಗಿ ಒಳಕ್ಕೆ ಸೇದಿಕೊಳ್ಳುತ್ತದೆ. ಅಂಕಲ್ ಕೂಗದೆ ಇದ್ದಿದ್ದರೆ ಚೆಂಡು ಜಾಲರಿಗೆ ಬಡಿಯುತ್ತಿತ್ತೇ? ಆಗಲೇ ಏಟು ತಿಂದ ತಲೆಗೆ ಅದೇ ಸಾಕಾಗುತ್ತಿತ್ತೇ? ಅಥವಾ ಕೂಗಿದ್ದರಿಂದಲೇ ಸಾವು ಅಷ್ಟು ಹತ್ತಿರಕ್ಕೆ ಬಂತೇ? ಮುಂದಕ್ಕೆ, ಹಿಂದಕ್ಕೆ ಓಡಿಸಿ ನೋಡಿದ್ದೇನೆ. ಯಾವ ಕಡೆಯ ಕ್ಯಾಮೆರಾದಲ್ಲೂ ಅದಕ್ಕೆ ಉತ್ತರವಿಲ್ಲ...

ಹುಡುಗ ಎದ್ದು ಮುಖದ ಜಾಲರಿ ಕಿತ್ತು, ಅಂಕಲ್ ಕಡೆ ಎರಡು ಹೆಜ್ಜೆ ಸಿಟ್ಟಿನಿಂದ ಬಂದ. ಮೂರನೆಯದಕ್ಕೆ ಮಂಡಿ ಮಡಚಿಕೊಂಡಿತು. ಅಂಕಲ್ ಅವನ ತಲೆ ನೆಲಕ್ಕೆ ಬಡಿಯದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡರು.

ತಲೆಯೊಳಗೆ ಬ್ಯಾಟಿನ ಏಟಿಗೆ ರಕ್ತ ಒಸರುತ್ತಿತ್ತಂತೆ. ಆಪರೇಷನ್ ಆಯಿತು. ಉಳಿದ. ಇನ್ನು ಕ್ಯಾಚರ್ ಆಗಿ ಕೂರುವ ಹಾಗಿಲ್ಲ, ಚೆಂಡಾಟದ ಹತ್ತಿರವೇ ಸುಳಿಯಬಾರದು ಎಂದರು ಡಾಕ್ಟರು. ಅವನನ್ನು ನೋಡಲು ಅಂಕಲ್ ಜೊತೆ ನಾನೂ ಆಸ್ಪತ್ರೆಗೆ ಹೋಗಿದ್ದೆ. ಆಂಟಿ ಕೊಟ್ಟ ಡಬ್ಬಿ ಅಂಕಲ್ ಕೈಯಲ್ಲಿತ್ತು. ಬೋಳಿಸಿದ ತಲೆಗೆ ಪಟ್ಟಿ ಕಟ್ಟಿಕೊಂಡು ಹುಡುಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ತಿರುಗಲಿಲ್ಲ. ತನ್ನ ಹರುಕು ಇಂಗ್ಲಿಷಿನಲ್ಲಿ ಒಂದೊಂದೇ ಪದ ಹುಡುಕಿಕೊಂಡು ಹೇಳಿದ.

‘ತೋರಿಸಬೇಡ ಅಂದದ್ದು ನೀವು. ನಾನು ತೋರಿಸಲಿಲ್ಲ. ಮತ್ತೆ ಯಾಕೆ ಬಂದಿರಿ?’

ಅಂಕಲ್ ಡಬ್ಬಿಯನ್ನು ಅಲ್ಲಿ ಇಡುವುದೋ ವಾಪಸು ತರುವುದೋ ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದು, ವಾಪಸು ತಂದರು.

ಕಾರಿನಲ್ಲಿ ನಾನೇ ಡ್ರೈವ್ ಮಾಡುತ್ತಿದ್ದೆ. ತುಂಬಾ ದೂರ ಬಂದ ಮೇಲೆ ಅವರು ಬಾಯಿಬಿಟ್ಟರು. ‘ಬೆರಳು ಮುರಿದ ದಿನ ಸಂಜೆವರೆಗೂ ಕೀಪಿಂಗ್ ಮಾಡಿದ್ದೆ ಕಣಮ್ಮ. ವಾಪಸು ಬರೋವಾಗ ಇಡೀ ಕಾಲೇಜು ಎದ್ದು ಚಪ್ಪಾಳೆ ತಟ್ಟಿತು. ನನ್ನ ಜೀವನದಲ್ಲಿ ನನಗೆ ಸಿಕ್ಕ ಚಪ್ಪಾಳೆ ಅದೊಂದೇ. ಅದನ್ನೇ ಆ ಹುಡುಗನಿಗೂ ಕೊಡಿಸೋಣ ಅಂತ ಹೋದೆ.’

‘ನೀವು ಓಡಿಹೋಗದೆ ಇದ್ದಿದ್ರೆ ಅವನು ಉಳೀತಿರಲಿಲ್ಲ ಅಂಕಲ್. ಡಾಕ್ಟರೇ ಹೇಳಿದರಲ್ಲ.’

‘ಹೇಳಿದರು’ ಎಂದರು. ಆಮೇಲೆ ಸನ್ನಿವೇಲ್ ಬರುವವರೆಗೂ ಕಿಟಕಿಯ ಕಡೆಗೇ ತಿರುಗಿ ಕೂತಿದ್ದರು.

ತಂಡದವರು ಅವರನ್ನು ಬೈಯಲಿಲ್ಲ. ಚೆನ್ನಾಗಿ ಮಾತನಾಡಿದರು, ಕೈ ಕುಲುಕಿದರು, ಮುಂದಿನ ಸೀಸನ್ನಿಗೆ ಕರೆಯಲಿಲ್ಲ. ಕರೆದಿದ್ದರೂ ಅವರು ಬರುತ್ತಿರಲಿಲ್ಲ. ನಾನು ಆಗಾಗ ಮನೆಗೆ ಹೋಗುತ್ತಿದ್ದೆ. ಟೀವಿಯಲ್ಲಿ ಆಟ ಹಾಕಿದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ‘ಜಾತಕ ಏನು ಹೇಳುತ್ತೆ’ ಎಂದು ಕೇಳುವುದನ್ನೂ ಬಿಟ್ಟಿದ್ದರು. ಹುಡುಗನ ನಂಬರಿಗೆ ಫೋನ್ ಮಾಡುತ್ತಾರೆ, ಅವನು ಎತ್ತುವುದಿಲ್ಲ ಎಂದು ಆಂಟಿ ನನ್ನ ಹತ್ತಿರ ಗುಟ್ಟಾಗಿ ಹೇಳಿದರು. ‘ಒಂದು ಸಲ ಬೈದಾದರೂ ಬಿಡಲಿ ಆ ಹುಡುಗ. ಇವರು ಊಟ ಮಾಡ್ತಾ ಮಾಡ್ತಾ ಕೈ ನಿಲ್ಲಿಸಿಬಿಡ್ತಾರೆ.’ ಎರಡನೆಯ ಚಳಿಗಾಲದಲ್ಲಿ, ಒಂದು ಬೆಳಿಗ್ಗೆ ಹಾಲು ತರಲು ಹೋದವರು ಅಂಗಡಿಯ ಪಾರ್ಕಿಂಗಿನಲ್ಲೇ ಕುಸಿದರು. ಹೃದಯಾಘಾತ. ಆಂಟಿ ಮನೆ ಖಾಲಿ ಮಾಡಿ ಮೈಸೂರಿನ ತಂಗಿಯ ಮನೆಗೆ ಹೊರಟುಹೋದರು.

ಅಂಕಲ್ ಹೋದ ಮೇಲೆ ಸ್ಟೇಡಿಯಮ್ಮಿನಲ್ಲಿ ನನ್ನ ಬಾಯಿಂದ ಕನ್ನಡವೇ ಬಂದಿಲ್ಲ. ಹೊಸ ಹುಡುಗರು ಬರುತ್ತಾರೆ, ಹೋಗುತ್ತಾರೆ. ಅಂಕಲ್ ಸೀಟಿನಲ್ಲಿ ಈಗ ಇಪ್ಪತ್ತೈದರ ಯುವಕನೊಬ್ಬ ಕೂರುತ್ತಾನೆ. ಒಳ್ಳೆಯವನೇ. ನನ್ನ ಹಾಗೆಯೇ ಪರದೆ ನೋಡುತ್ತಾನೆ. ಯಾರಿಗಾದರೂ ಪೆಟ್ಟು ಬಿದ್ದು ಅಂಪೈರು ಬ್ರಶ್ಶು ತೆಗೆದರೆ ನಾನು ಎದ್ದು ಹೊರಗೆ ಹೋಗಿ ನೀರು ಕುಡಿದು ಬರುತ್ತೇನೆ. ಯಾಕೆಂದು ಅವನು ಕೇಳಿಲ್ಲ. ಕೇಳಿದರೆ ಎಲ್ಲಿಂದ ಶುರುಮಾಡಲಿ?

ಇಷ್ಟನ್ನು ಬರೆದು ಅರ್ಧಕ್ಕೆ ಬಿಟ್ಟಿದ್ದೆ. ಮೊನ್ನೆ ಭಾನುವಾರ ಆಟ ಮುಗಿದು ಜನ ಹೊರಟಿದ್ದಾಗ ಗೇಟಿನ ಹತ್ತಿರ ಯಾರೋ ನನ್ನನ್ನು ಕರೆದರು. ಕೂದಲು ಬೆಳೆದಿತ್ತು, ಮೈ ತುಂಬಿಕೊಂಡಿತ್ತು. ನಕ್ಕಾಗ ಗುರುತು ಹತ್ತಿತು, ವೆನಿಝುವೆಲಾದ ಅದೇ ಹುಡುಗ. ಲಿವರ್‌ಮೋರಿನ ದ್ರಾಕ್ಷಿ ತೋಟವೊಂದರಲ್ಲಿ ಟ್ರಕ್ಕು ಓಡಿಸುತ್ತಾನಂತೆ. ಮದುವೆಯಾಗಿದ್ದಾನೆ. ಪುಟ್ಟ ಹುಡುಗಿಯೊಬ್ಬಳು ಅವನ ಕೈ ಹಿಡಿದು ನಿಂತಿದ್ದಳು. ಇಂಗ್ಲಿಷ್ ಸಲೀಸಾಗಿತ್ತು.

‘ಪ್ರೊಫೆ ಎಲ್ಲಿ? ಮೇಲಿಂದ ಕೆಳಗಿನವರೆಗೂ ಹುಡುಕಿದೆ, ಕಾಣಲಿಲ್ಲ.’

ಅವನಿಗೆ ಗೊತ್ತಿರಲಿಲ್ಲ. ಹೇಳುವವರಾದರೂ ಯಾರಿದ್ದರು. ನಾನು ಹೇಳಿದೆ. ಅವನು ಟೋಪಿ ತೆಗೆದ. ಕಿವಿಯ ಮೇಲಿನಿಂದ ಹಾದುಹೋದ ಗಾಯದ ಗೆರೆಯಲ್ಲಿ ಕೂದಲು ಬಂದಿರಲಿಲ್ಲ.

‘ಹೋದ ತಿಂಗಳು ಇವಳು ಜಾರುಬಂಡೆಯಿಂದ ಬಿದ್ದಳು’ ಎಂದ, ಮಗಳ ತಲೆಯ ಮೇಲೆ ಕೈಯಿಟ್ಟು. ‘ಏನೂ ಆಗಿಲ್ಲ ಅಂದಳು. ನಕ್ಕಳು. ನಾನು ನಂಬಲಿಲ್ಲ. ಅವಳು ಆಡೋದು, ತಿನ್ನೋದು, ಲೋಟ ಎತ್ತೋದು ಎಲ್ಲಾ ನೋಡ್ತಾನೇ ಕೂತಿದ್ದೆ. ಆವತ್ತು ಪ್ರೊಫೆ ನನ್ನನ್ನ ಹೀಗೇ ನೋಡ್ತಿದ್ದಿರಬೇಕು... ಅವರು ಫೋನ್ ಮಾಡಿದಾಗೆಲ್ಲ ನಾನು ಎತ್ತಲಿಲ್ಲ.’

ಟೋಪಿಯನ್ನು ಮತ್ತೆ ಹಾಕಿಕೊಂಡು ಕೇಳಿದ. ‘ಅವರ ಸಮಾಧಿ ಎಲ್ಲಿದೆ? ಹೂವು ತಗೊಂಡು ಹೋಗ್ತೀನಿ.’

ಸಮಾಧಿ ಇಲ್ಲ, ನಮ್ಮಲ್ಲಿ ಸುಡುತ್ತಾರೆ ಎಂದೆ. ಬೂದಿಯನ್ನು ಅವರ ಹೆಂಡತಿ ಶ್ರೀರಂಗಪಟ್ಟಣಕ್ಕೆ ತೆಗೆದುಕೊಂಡು ಹೋಗಿ ಕಾವೇರಿಯಲ್ಲಿ ಬಿಟ್ಟರು ಎಂದೆ. ಅದು ಎಷ್ಟು ದೂರ ಎಂದು ಕೇಳಿದ. ಹೇಳಿದೆ.

‘ಒಂದು ಕಲ್ಲೂ ಇಲ್ವಾ? ಹೆಸರು ಬರೆದಿರೋದು?’

‘ಇಲ್ಲ.’

‘ಹಾಗಾದ್ರೆ ನಾನು ಎಲ್ಲಿಗೆ ಹೋಗಿ ಹೇಳಲಿ?’

ಮನೆಗೆ ಹೋಗೋಣ ಎಂದು ಹುಡುಗಿ ಅವನ ಕೈ ಹಿಡಿದು ಎಳೆಯುತ್ತಿದ್ದಳು. ಅವನು ಖಾಲಿಯಾಗುತ್ತಿದ್ದ ಪಾರ್ಕಿಂಗಿನಲ್ಲಿ ಅಂಕಲ್ ಡಿಕ್ಕಿ ತೆಗೆದು ಬಡಿಸುತ್ತಿದ್ದ ಜಾಗದ ಕಡೆ ನೋಡುತ್ತಾ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.